ಚೈನೀಸ್ ಊಟ, ಜೊತೆಗೆ ಕಾಕ್‌ಟೇಲ್: ಬುಕ್ಕಿಂಗ್‌ನಿಂದ ಬಿಲ್‌ವರೆಗೆ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಾಕ್‌ಟೇಲ್ ಬಾರ್ ಕೂಡ ಇರುವ ಒಳ್ಳೆಯ ಚೈನೀಸ್ ರೆಸ್ಟೋರೆಂಟಿಗೆ ಹೋಗಬೇಕು. ಮೆನು ತೆಗೆದರೆ ಪುಟಗಟ್ಟಲೆ ಐಟಂ, ಅರ್ಧಕ್ಕರ್ಧ ಹೆಸರು ಗೊತ್ತಿಲ್ಲ. ಕುಡಿಯುವುದಕ್ಕೆ ಇನ್ನೊಂದು ಮೆನು ಬೇರೆ. ಎಲ್ಲಿಂದ ಶುರು ಮಾಡುವುದು?

ಮೊದಲು ಒಂದು ವಿಷಯ ಮನಸ್ಸಿನಲ್ಲಿಡಿ. ಚೈನೀಸ್ ಊಟ ಇಡೀ ಟೇಬಲ್ಲಿಗೆ ಸೇರಿದ್ದು. ಪ್ಲೇಟುಗಳು ನಡುವೆ ಬರುತ್ತವೆ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಕಾಕ್‌ಟೇಲ್ ಮಾತ್ರ ಒಬ್ಬೊಬ್ಬರದು, ಅವರವರ ನಾಲಿಗೆಗೂ ಅವರವರ ಮಿತಿಗೂ ತಕ್ಕ ಹಾಗೆ. ಬಹಳ ಜನ ಇದನ್ನೇ ಉಲ್ಟಾ ಮಾಡುತ್ತಾರೆ. ತಲೆಗೊಂದು ನೂಡಲ್ಸ್ ಹೇಳಿ, ಕಾಕ್‌ಟೇಲ್ ಬಂದಾಗ "ಎಲ್ಲರಿಗೂ ಅದೇ ಇರಲಿ" ಅನ್ನುತ್ತಾರೆ. ಅಲ್ಲಿಗೆ ಊಟವೂ ಕೆಟ್ಟಿತು, ಕುಡಿಯುವ ಖುಷಿಯೂ ಹೋಯಿತು. ಕೆಳಗಿನ ಹಂತಗಳೆಲ್ಲ ಇದನ್ನು ತಪ್ಪಿಸುವುದಕ್ಕೇ ಇರುವುದು.

1. ಬುಕ್ ಮಾಡುವಾಗಲೇ ಕೇಳಿ

ಆನ್‌ಲೈನ್ ಬುಕ್ಕಿಂಗ್ ಇದ್ದರೂ ಒಂದು ಫೋನ್ ಮಾಡಿ. ಟೇಬಲ್ ಊಟದ ಕಡೆ ಇದೆಯೋ ಬಾರ್ ಕಡೆ ಇದೆಯೋ ಕೇಳಿ. ಬಾರ್ ಕಡೆ ಕೂತರೆ ಎಷ್ಟೋ ಕಡೆ ಪೂರ್ತಿ ಮೆನು ಕೊಡುವುದಿಲ್ಲ, ತಿಂಡಿ ತರಹದ್ದು ಮಾತ್ರ ಸಿಗುತ್ತದೆ. ಜೊತೆಗೆ ಮಕ್ಕಳಿದ್ದರೆ ಬಾರ್ ಕಡೆಗೆ ಬಿಡದೆಯೂ ಇರಬಹುದು.

ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅನ್ನುವುದನ್ನೂ ಕೇಳಿ. ಸಾಮಾನ್ಯವಾಗಿ ಅದು ಬಾರ್‌ಗಿಂತ ಮೊದಲೇ ಮುಚ್ಚುತ್ತದೆ. ಎರಡು ಡ್ರಿಂಕ್ ಮುಗಿಸಿ ನಿಧಾನಕ್ಕೆ ಊಟ ಹೇಳೋಣ ಅಂದುಕೊಂಡವರು ಖಾಲಿ ಹೊಟ್ಟೆಯಲ್ಲಿ ಮೂರನೆಯದನ್ನು ಕುಡಿಯಬೇಕಾಗುತ್ತದೆ.

ಪೀಕಿಂಗ್ ಡಕ್ ತಿನ್ನುವ ಆಸೆ ಇದ್ದರೆ ಈಗಲೇ ಹೇಳಿಬಿಡಿ. ಇದು ಬೀಜಿಂಗ್‌ನ ಬಾತುಕೋಳಿ ರೋಸ್ಟ್. ಚರ್ಮ ಮತ್ತು ಮಾಂಸದ ನಡುವೆ ಗಾಳಿ ತುಂಬುತ್ತಾರೆ, ಮೇಲೆ ಕುದಿಯುವ ನೀರು ಹಾಕುತ್ತಾರೆ, ಮಾಲ್ಟ್ ಪಾಕ ಬಳಿದು ಗಂಟೆಗಟ್ಟಲೆ ನೇತುಹಾಕಿ ಒಣಗಿಸುತ್ತಾರೆ. ಆಮೇಲೆ ಒಲೆಗೆ ಹೋಗುತ್ತದೆ. ಹಪ್ಪಳದ ಹಾಗೆ ಮುರಿಯುವ ಆ ಚರ್ಮಕ್ಕೆ ಇಷ್ಟೆಲ್ಲ ಕೆಲಸ ಇದೆ. ಹಾಗಾಗಿ ಒಳ್ಳೆಯ ಕಡೆ ಒಂದು ದಿನ ಮುಂಚೆ ಹೇಳಿ ಅನ್ನುತ್ತಾರೆ.

ಮನೆಗೆ ವಾಪಸ್ ಯಾರು ಗಾಡಿ ಓಡಿಸುತ್ತಾರೆ ಅನ್ನುವುದೂ ಹೊರಡುವ ಮೊದಲೇ ತೀರ್ಮಾನ ಆಗಲಿ. ಗ್ಲಾಸ್ ಕೈಗೆ ಬಂದ ಮೇಲೆ ಆ ಚರ್ಚೆ ಬೇಡ.

2. ಅಡುಗೆ ಯಾವ ಪ್ರಾಂತ್ಯದ್ದು ನೋಡಿ

ಚೈನೀಸ್ ಅಂತ ಒಂದೇ ಅಡುಗೆ ಇಲ್ಲ. ಚೀನಾದಲ್ಲೇ ಎಂಟು ದೊಡ್ಡ ಪರಂಪರೆ ಅಂತ ಲೆಕ್ಕ ಹಾಕುತ್ತಾರೆ: ಶಾಂಡೊಂಗ್, ಸಿಚುವಾನ್, ಕ್ಯಾಂಟೊನೀಸ್, ಜಿಯಾಂಗ್ಸು, ಫುಜಿಯಾನ್, ಝೆಜಿಯಾಂಗ್, ಹುನಾನ್, ಅನ್‌ಹುಯಿ. ಎಂಟೂ ನೆನಪಿಡಬೇಕಿಲ್ಲ. ಎರಡು ಮೂರು ಗೊತ್ತಿದ್ದರೂ ಮೆನು ಅರ್ಧ ಅರ್ಥವಾಗುತ್ತದೆ.

ಕ್ಯಾಂಟೊನೀಸ್ ಅಂದರೆ ದಕ್ಷಿಣದ ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಕಡೆಯ ಅಡುಗೆ. ಪದಾರ್ಥ ತಾಜಾ ಇರಬೇಕು, ಮಸಾಲೆ ಅದನ್ನು ಮುಚ್ಚಬಾರದು ಅನ್ನುವ ಕೈ ಅದು. ಹಬೆಯಲ್ಲಿ ಬೇಯಿಸಿದ ಇಡೀ ಮೀನು, ಮೇಲೆ ಶುಂಠಿ, ಈರುಳ್ಳಿ ಸೊಪ್ಪು, ಕಾದ ಎಣ್ಣೆ, ಸ್ವಲ್ಪ ಸೋಯಾ ಸಾಸ್. ಅಷ್ಟೇ. ಡಿಮ್ ಸಮ್ ಕೂಡ ಇವರದೇ. ಅಂದರೆ ಬಿದಿರಿನ ಬುಟ್ಟಿಯಲ್ಲಿ ಬರುವ ಚಿಕ್ಕ ಚಿಕ್ಕ ತಿಂಡಿಗಳು. ಗೋಧಿ ಪಿಷ್ಟದ ತೆಳು ಹೊದಿಕೆಯಲ್ಲಿ ಸೀಗಡಿ ಇಟ್ಟ ಹಾರ್ ಗಾವ್, ಮೇಲೆ ಬಾಯಿ ತೆರೆದಿರುವ ಸಿಯು ಮೈ, ಹಂದಿ ಮಾಂಸ ತುಂಬಿದ ಬನ್ನು. ಸಂಪ್ರದಾಯದಲ್ಲಿ ಇದು ಬೆಳಗ್ಗೆಯಿಂದ ಮಧ್ಯಾಹ್ನದವರೆಗಿನ ತಿಂಡಿ, ಟೀ ಜೊತೆ. ಅದಕ್ಕೇ ಕೆಲವು ಕಡೆ ರಾತ್ರಿ ಹೋದರೆ ನಾಲ್ಕೈದು ಬಗೆ ಮಾತ್ರ ಸಿಗುತ್ತವೆ. ಡಿಮ್ ಸಮ್‌ಗಾಗಿಯೇ ಹೋಗುವುದಾದರೆ ಹಗಲು ಹೋಗಿ.

ಸಿಚುವಾನ್ ಬೇರೆಯೇ ಲೋಕ. ಅಲ್ಲಿ ಒಣಮೆಣಸಿನಕಾಯಿಯ ಖಾರದ ಜೊತೆ ಸಿಚುವಾನ್ ಮೆಣಸು ಸೇರುತ್ತದೆ. ಅದು ಖಾರ ಅಲ್ಲ, ನಾಲಿಗೆಯನ್ನು ಜುಮ್ಮೆನಿಸುತ್ತದೆ. ಅದರಲ್ಲಿರುವ ಸ್ಯಾನ್‌ಶೂಲ್ ಅನ್ನುವ ಅಂಶ ಮುಟ್ಟಿದ್ದನ್ನು ತಿಳಿಸುವ ನರಗಳನ್ನೇ ಕೆಣಕುತ್ತದೆ. ತುಟಿ ಮರಗಟ್ಟಿದ ಹಾಗೆ ಅನ್ನಿಸಿದರೆ ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಈ ಎರಡೂ ಸೇರಿದ ರುಚಿಗೆ ಮಾಲಾ ಅನ್ನುತ್ತಾರೆ. ಮೆನುವಿನಲ್ಲಿ ಈ ಹೆಸರು ಕಂಡರೆ ಏನು ಬರುತ್ತದೆ ಅಂತ ನಿಮಗೆ ಈಗ ಗೊತ್ತು. ಪ್ಲೇಟಿನಲ್ಲಿ ರಾಶಿ ಬಿದ್ದಿರುವ ಇಡೀ ಮೆಣಸಿನಕಾಯಿ ತಿನ್ನುವುದಕ್ಕಲ್ಲ, ನಡುವಿನ ಮಾಂಸ ಅಥವಾ ತರಕಾರಿ ಹುಡುಕಿ ತೆಗೆದುಕೊಳ್ಳಬೇಕು.

ಹುನಾನ್‌ನಲ್ಲಿ ಜುಮ್ಮು ಇಲ್ಲ, ನೇರ ಖಾರ. ಶಾಂಘೈ ಮತ್ತು ಅದರ ಸುತ್ತಿನ ಅಡುಗೆ ಸ್ವಲ್ಪ ಸಿಹಿ, ಸೋಯಾ ಸಾಸ್‌ನಲ್ಲಿ ನಿಧಾನಕ್ಕೆ ಬೇಯಿಸಿದ್ದು ಜಾಸ್ತಿ. ಉತ್ತರದ ಕಡೆ ಗೋಧಿ: ನೂಡಲ್ಸ್, ಕಡುಬಿನ ಹಾಗಿರುವ ಡಂಪ್ಲಿಂಗ್, ಬನ್ನು.

ಎಲ್ಲ ಪ್ರಾಂತ್ಯವೂ ಒಂದೇ ಮೆನುವಿನಲ್ಲಿದ್ದರೆ "ನಿಮ್ಮ ಅಡುಗೆಯವರ ಕೈ ಯಾವುದರಲ್ಲಿ ಪಳಗಿದೆ?" ಅಂತ ಕೇಳಿ. ನನ್ನ ಮಟ್ಟಿಗೆ ಆ ಸಂಜೆ ಕೇಳಬಹುದಾದ ಅತಿ ಉಪಯೋಗದ ಪ್ರಶ್ನೆ ಇದು.

3. ಕೂತ ತಕ್ಷಣ ಟೀ ಹೇಳಿ

ಕಾಕ್‌ಟೇಲ್ ಮೆನು ಮೊದಲು ಬಂದರೂ ಒಂದು ಕೆಟಲ್ ಟೀ ಮೊದಲು ಬರಲಿ. ಹಾಲು, ಸಕ್ಕರೆ ಎರಡೂ ಇರುವುದಿಲ್ಲ. ಪೂರ್ತಿ ಸಂಜೆ ಟೇಬಲ್ಲಿನ ಮೇಲೆ ಇರುತ್ತದೆ, ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಹೋಗುವಾಗ ನಾಲಿಗೆ ತೊಳೆಯುತ್ತದೆ. ಮಲ್ಲಿಗೆ ಟೀ ಹಗುರ. ಊಲಾಂಗ್ ಸ್ವಲ್ಪ ಗಟ್ಟಿ. ಪು-ಅರ್ ಮಣ್ಣಿನ ವಾಸನೆಯ ಗಾಢ ಟೀ, ಎಣ್ಣೆ ಜಾಸ್ತಿ ಇರುವ ಊಟಕ್ಕೆ ಅದೇ ಚೆನ್ನ. ಸೇವಂತಿಗೆ ಹೂವಿನದರಲ್ಲಿ ಕೆಫೀನ್ ಇಲ್ಲ, ಬರೀ ಹೂವಿದ್ದರೆ ಮಾತ್ರ.

ಕ್ಯಾಂಟೊನೀಸ್ ಪದ್ಧತಿಯಲ್ಲಿ ನಿಮ್ಮ ಕಪ್ಪಿಗಿಂತ ಮೊದಲು ಬೇರೆಯವರ ಕಪ್ಪು ತುಂಬಿಸಬೇಕು. ನಿಮಗೆ ಯಾರಾದರೂ ಹಾಕಿದರೆ ಎರಡು ಬೆರಳಿಂದ ಟೇಬಲ್ ಮೇಲೆ ಮೆಲ್ಲಗೆ ತಟ್ಟಿ, ಅದೇ ಥ್ಯಾಂಕ್ಸ್. ಕೆಟಲ್ ಖಾಲಿಯಾದರೆ ಮುಚ್ಚಳ ಓರೆ ಮಾಡಿ ಇಡಿ, ಗೊತ್ತಿರುವ ವೇಟರ್ ಕರೆಯದೇ ಬಂದು ಬಿಸಿ ನೀರು ಹಾಕುತ್ತಾರೆ.

ಎಚ್ಚರ: ಕೆಲವು ಕಡೆ ಟೀಗೆ ತಲೆಗೆ ಇಷ್ಟು ಅಂತ ಬಿಲ್ ಹಾಕುತ್ತಾರೆ. ಕೇಳದೆ ತಂದಿಟ್ಟ ಕಡಲೆಕಾಯಿ, ಉಪ್ಪಿನಕಾಯಿಗೂ ಚಾರ್ಜ್ ಇರಬಹುದು. ಬೇಡದಿದ್ದರೆ ಮುಟ್ಟುವ ಮೊದಲೇ ವಾಪಸ್ ಕಳಿಸಿ.

4. ಊಟದ ಆರ್ಡರ್: ಒಬ್ಬರ ಕೈಗೆ ಕೊಡಿ

ಎಲ್ಲರೂ ಒಟ್ಟಿಗೆ ಹೇಳಲು ಹೋದರೆ ಆರ್ಡರ್ ಹದಗೆಡುತ್ತದೆ. ಎಲ್ಲರಿಗೂ ಏನು ಬೇಕು, ಏನು ಬೇಡ ಕೇಳಿಕೊಂಡು ಒಬ್ಬರೇ ಹೇಳಲಿ.

ಲೆಕ್ಕ ಸುಲಭ. ಎಷ್ಟು ಜನವೋ ಅಷ್ಟು ಪ್ಲೇಟು, ಜೊತೆಗೆ ಒಂದು ಸೂಪು, ಅನ್ನ. ನಾಲ್ಕು ಜನಕ್ಕೆ ನಾಲ್ಕು ಪ್ಲೇಟು ಸಾಕು. ಸಾಲದಿದ್ದರೆ ಆಮೇಲೆ ಒಂದು ಹೇಳಬಹುದು, ವಾಕ್‌ನಲ್ಲಿ ಮಾಡುವುದು ಬೇಗ ಬರುತ್ತದೆ. ವಾಕ್ ಅಂದರೆ ತಳ ದುಂಡಗಿರುವ ದೊಡ್ಡ ಬಾಣಲೆ, ಜೋರು ಉರಿಯ ಮೇಲೆ ಇಡುವಂಥದ್ದು.

ಆಯ್ಕೆ ಮಾಡುವಾಗ ಪದಾರ್ಥ ಬದಲಾದರೆ ಸಾಲದು, ಮಾಡುವ ವಿಧಾನವೂ ಬದಲಾಗಬೇಕು. ಜನ ಎಡವುವುದು ಇಲ್ಲೇ. ಕ್ರಿಸ್ಪಿ ಕಾರ್ನ್, ಕ್ರಿಸ್ಪಿ ಚಿಕನ್, ಸ್ಪ್ರಿಂಗ್ ರೋಲ್, ಸಿಹಿಹುಳಿ ಸಾಸ್ ಹಾಕಿದ ಇನ್ನೊಂದು. ನಾಲ್ಕೂ ಎಣ್ಣೆಯಲ್ಲಿ ಕರಿದದ್ದು, ಅರ್ಧ ಗಂಟೆಗೆ ಬಾಯಿ ಕಟ್ಟುತ್ತದೆ. ಅದರ ಬದಲು ಹೀಗೆ ಮಾಡಿ: ಒಂದು ತಣ್ಣಗಿನದು, ಉದಾಹರಣೆಗೆ ಜಜ್ಜಿದ ಸೌತೆಕಾಯಿಗೆ ಬೆಳ್ಳುಳ್ಳಿ, ಎಳ್ಳೆಣ್ಣೆ, ವಿನೆಗರ್ ಹಾಕಿದ್ದು. ಒಂದು ಹಬೆಯಲ್ಲಿ ಬೆಂದದ್ದು. ಒಂದು ವಾಕ್‌ನಲ್ಲಿ ಹುರಿದ ಸೊಪ್ಪು. ಒಂದು ಸಾಸ್ ಇರುವ ಗಟ್ಟಿ ಐಟಂ. ಕರಿದದ್ದು ಬೇಕೇ ಬೇಕು ಅಂದರೆ ಒಂದೇ ಒಂದು. ಸೊಪ್ಪಿನ ಪ್ಲೇಟನ್ನು ಮಾತ್ರ ದಯವಿಟ್ಟು ಬಿಡಬೇಡಿ. ಬೆಳ್ಳುಳ್ಳಿ ಹಾಕಿ ಒಂದೆರಡು ನಿಮಿಷ ಜೋರು ಉರಿಯಲ್ಲಿ ತಿರುಗಿಸಿದ ಹಸಿರು ಸೊಪ್ಪು ಚೆನ್ನಾಗಿದ್ದರೆ ಆ ಅಡುಗೆಮನೆಯನ್ನು ಕಣ್ಣು ಮುಚ್ಚಿ ನಂಬಬಹುದು.

ಸಾಸ್ ಇರುವ ಐಟಂಗೆ ಬಿಳಿ ಅನ್ನ ತೆಗೆದುಕೊಳ್ಳಿ. ಫ್ರೈಡ್ ರೈಸ್ ಅದರ ಪಾಡಿಗೆ ಒಂದು ಐಟಂ, ಅದಕ್ಕೆ ಮತ್ತೆ ಸಾಸ್ ಸುರಿದರೆ ಎರಡರ ರುಚಿಯೂ ಸಿಗುವುದಿಲ್ಲ. ಔತಣದ ಕ್ರಮದಲ್ಲಿ ಅನ್ನ, ನೂಡಲ್ಸ್ ಕೊನೆಗೆ ಬರುತ್ತವೆ. ನಿಮಗೆ ಅನ್ನ ಜೊತೆಗೇ ಬೇಕಿದ್ದರೆ ಹೇಳಿಬಿಡಿ.

ಇನ್ನೊಂದು ಎಚ್ಚರ: ತೊಟ್ಟಿಯಲ್ಲಿ ಜೀವಂತ ಇಟ್ಟ ಮೀನು, ಏಡಿ ಇವಕ್ಕೆ ಮೆನುವಿನಲ್ಲಿ ಬೆಲೆ ಇರುವುದಿಲ್ಲ, ಆ ದಿನದ ದರ ಅಂತ ಬರೆದಿರುತ್ತಾರೆ. ದರ ತೂಕದ ಮೇಲೆ. ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ ಅಂತ ಬಾಣಲೆಗೆ ಹೋಗುವ ಮೊದಲೇ ಕೇಳಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

5. ಸಸ್ಯಾಹಾರಿಗಳು, ಅಲರ್ಜಿ ಇರುವವರು, ಮದ್ಯ ಮುಟ್ಟದವರು

ಇದನ್ನು ನಿಧಾನಕ್ಕೆ ಓದಿ. ಚೈನೀಸ್ ಅಡುಗೆಯಲ್ಲಿ ತರಕಾರಿಯ ಹೆಸರಿದ್ದ ಮಾತ್ರಕ್ಕೆ ಅದು ಸಸ್ಯಾಹಾರ ಅಲ್ಲ. ಮಾಪೊ ತೋಫು ನೋಡಿ. ಹೆಸರಲ್ಲಿ ತೋಫು, ಅಂದರೆ ಸೋಯಾ ಪನೀರ್ ಇದೆ, ಒಳಗೆ ಕೊಚ್ಚಿದ ದನದ ಅಥವಾ ಹಂದಿ ಮಾಂಸ ಇರುತ್ತದೆ. ಸಿಚುವಾನ್ ಶೈಲಿಯಲ್ಲಿ ಒಣಗುವ ಹಾಗೆ ಹುರಿದ ಹಸಿ ಬೀನ್ಸ್‌ನಲ್ಲೂ ಕೊಚ್ಚಿದ ಹಂದಿ ಮಾಂಸ ಹಾಕುವ ರೂಢಿ ಇದೆ. ಬದನೆಕಾಯಿಯ ಯೂಶಿಯಾಂಗ್ ಅನ್ನುವ ಐಟಂನಲ್ಲೂ ಹಾಗೆ. ಸುಮ್ನೆ ಹುರಿದ ಸೊಪ್ಪಿನ ಮೇಲೂ ಆಯ್ಸ್ಟರ್ ಸಾಸ್ ಇರಬಹುದು, ಅದನ್ನು ಸಿಂಪಿಯಿಂದ ಮಾಡುತ್ತಾರೆ. ಸೂಪಿನ ನೀರು ಬಹುತೇಕ ಕೋಳಿ ಅಥವಾ ಹಂದಿ ಮೂಳೆಯ ಸ್ಟಾಕ್. ನೂಡಲ್ಸ್ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು.

ಹಾಗಾಗಿ "ವೆಜ್ ಕೊಡಿ" ಅಂದರೆ ಸಾಲದು. ಹೀಗೆ ಬಿಡಿಸಿ ಹೇಳಿ: "ಮಾಂಸ, ಮೀನು, ಮೊಟ್ಟೆ ಬೇಡ. ಆಯ್ಸ್ಟರ್ ಸಾಸ್, ಕೋಳಿ ಸ್ಟಾಕ್, ಚಿಕನ್ ಪೌಡರ್ ಕೂಡ ಬೇಡ. ಬೇರೆ ವಾಕ್‌ನಲ್ಲಿ ಮಾಡೋಕೆ ಆಗುತ್ತಾ?" ಬೌದ್ಧ ಸಸ್ಯಾಹಾರ ಅಂತ ಒಂದು ಪದ್ಧತಿ ಚೀನಾದಲ್ಲಿ ಹಿಂದಿನಿಂದ ಇದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಅಡುಗೆಯವರಿಗೆ ಅದು ಗೊತ್ತಿದ್ದರೆ ನಿಮ್ಮ ಕೆಲಸ ಅರ್ಧ ಆಯಿತು.

ಅಲರ್ಜಿ ಇರುವವರು ಕಡಲೆಕಾಯಿ, ಎಳ್ಳು, ಸೋಯಾ, ಸೀಗಡಿ, ಏಡಿ ಇವನ್ನು ಹೆಸರು ಹಿಡಿದು ಹೇಳಬೇಕು. ಗೋಧಿ ಆಗದವರು ಗಮನಿಸಿ: ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ.

ಮದ್ಯ ಮುಟ್ಟದವರಿಗೆ ಶಾಓಶಿಂಗ್ ವೈನ್ ಗೊತ್ತಿರಲಿ. ಇದು ಅಕ್ಕಿಯಿಂದ ಮಾಡಿದ ಕಂದು ಬಣ್ಣದ ವೈನ್. ಮಾಂಸ ನೆನೆಹಾಕುವುದಕ್ಕೆ, ಸಾಸ್‌ಗೆ ಧಾರಾಳವಾಗಿ ಬಳಸುತ್ತಾರೆ. ಡ್ರಂಕನ್ ಚಿಕನ್‌ನಲ್ಲಂತೂ ಬೆಂದ ಕೋಳಿಯನ್ನು ವೈನ್‌ನಲ್ಲೇ ನೆನೆಸಿ ತಣ್ಣಗೆ ಕೊಡುತ್ತಾರೆ, ಆ ಮದ್ಯ ಆವಿಯಾಗಿ ಹೋಗಿರುವುದಿಲ್ಲ.

ಅಜಿನೊಮೊಟೊ ಬಗ್ಗೆ ಪ್ರತಿ ಸಲವೂ ಪ್ರಶ್ನೆ ಬರುತ್ತದೆ. ಅದು ಎಂಎಸ್‌ಜಿ, ಅಂದರೆ ಮೋನೊಸೋಡಿಯಂ ಗ್ಲುಟಮೇಟ್ ಅನ್ನುವ ರುಚಿ ಹೆಚ್ಚಿಸುವ ಪುಡಿ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನಿಂದ ಆ ರುಚಿಯ ಅಂಶ ಬೇರ್ಪಡಿಸಿದರು. ಭಯ ಹುಟ್ಟಿದ್ದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ, ಚೈನೀಸ್ ಊಟ ಮಾಡಿದ ಮೇಲೆ ಮೈಗೆ ತೊಂದರೆ ಆಗುತ್ತದೆ ಅಂದ ಒಂದು ಓದುಗರ ಪತ್ರದಿಂದ. ಆಮೇಲಿನ ಪರೀಕ್ಷೆಗಳಲ್ಲಿ, ಊಟದಲ್ಲಿ ಇರುವಷ್ಟು ಪ್ರಮಾಣಕ್ಕೆ ಆ ತೊಂದರೆಗಳು ಖಚಿತವಾಗಿ ಕಾಣಿಸಲಿಲ್ಲ. ನಿಮಗೆ ಆಗಿಬರುವುದಿಲ್ಲ ಅನ್ನಿಸಿದರೆ ಹಾಕಬೇಡಿ ಅಂತ ಹೇಳಿ. ಆದರೆ ಸೋಯಾ ಸಾಸ್‌ನಲ್ಲೂ ಅಣಬೆಯಲ್ಲೂ ಅದೇ ಗ್ಲುಟಮೇಟ್ ತಾನಾಗಿಯೇ ಇರುತ್ತದೆ.

6. ಈಗ ಕಾಕ್‌ಟೇಲ್

ಊಟ ಏನು ಅಂತ ತೀರ್ಮಾನ ಆದ ಮೇಲೆ ಗ್ಲಾಸ್ ಆರಿಸಿ. ಉಲ್ಟಾ ಬೇಡ.

ಕಾರಣ ಇದೆ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರದ ತುದಿಗಳನ್ನೇ ಮದ್ಯವೂ ಕೆಣಕುತ್ತದೆ. ಮಾಲಾ ಐಟಂ ಜೊತೆ ಮಾರ್ಟಿನಿ ಕುಡಿದರೆ ಉರಿ ಇಳಿಯುವುದಿಲ್ಲ, ಏರುತ್ತದೆ. ಮಾರ್ಟಿನಿ ಅಂದರೆ ಸುಮಾರು 60 ಮಿ.ಲೀ. ಜಿನ್, ಜೊತೆಗೆ ಸ್ವಲ್ಪ ವರ್ಮುತ್ ಅನ್ನುವ ಗಿಡಮೂಲಿಕೆ ಹಾಕಿದ ವೈನ್. ಹೆಚ್ಚುಕಮ್ಮಿ ಪೂರ್ತಿ ಮದ್ಯವೇ. ಸೋಡಾದ ಗುಳ್ಳೆಯೂ ಖಾರದ ಬಾಯಿಗೆ ಚುಚ್ಚುತ್ತದೆ. ಖಾರಕ್ಕೆ ಹೊಂದುವುದು ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಕಡಿಮೆ ಮದ್ಯ ಇರುವಂಥದ್ದು. ಲಿಚಿ, ಅನಾನಸ್, ನಿಂಬೆ ಇರುವ ಡ್ರಿಂಕ್‌ಗಳು ಅಲ್ಲಿ ಸೂಕ್ತ. ಹಬೆಯಲ್ಲಿ ಬೆಂದ ಮೀನು, ಡಿಮ್ ಸಮ್ ಇಂಥ ಸೌಮ್ಯ ರುಚಿಗೆ ಹೈಬಾಲ್ ಚೆನ್ನ. ಉದ್ದ ಗ್ಲಾಸಿನಲ್ಲಿ ಒಂದು ಮದ್ಯ, ಅದಕ್ಕೆ ಸೋಡಾ ಅಥವಾ ಟಾನಿಕ್ ವಾಟರ್, ಅಷ್ಟೇ ಹೈಬಾಲ್. ಬಾತುಕೋಳಿ, ಸೋಯಾದಲ್ಲಿ ಬೇಯಿಸಿದ ಮಾಂಸಕ್ಕೆ ನೆಗ್ರೋನಿ ತರಹದ ಕಹಿ ಡ್ರಿಂಕ್ ಕೊಬ್ಬನ್ನು ಕತ್ತರಿಸುತ್ತದೆ.

ಮೆನುವಿನಲ್ಲಿ ಬರುವ ಮಾತುಗಳು: ನೀಟ್ ಅಂದರೆ ಬರೀ ಮದ್ಯ. ಆನ್ ದಿ ರಾಕ್ಸ್ ಅಂದರೆ ಐಸ್ ಮೇಲೆ. ಅಪ್ ಅಂದರೆ ಐಸ್ ಜೊತೆ ತಣ್ಣಗೆ ಮಾಡಿ, ಐಸ್ ಸೋಸಿ ಕೊಟ್ಟದ್ದು. ಬಿಟರ್ಸ್ ಅಂದರೆ ಬೇರು ತೊಗಟೆಗಳ ಕಹಿ ಸಾರ, ತೊಟ್ಟು ಲೆಕ್ಕದಲ್ಲಿ ಹಾಕುತ್ತಾರೆ. ಸಾವರ್ ಅಂದರೆ ಮದ್ಯ, ನಿಂಬೆ, ಸಕ್ಕರೆ. ಸಾವರ್‌ನಲ್ಲಿ ನೊರೆ ಬರಲಿ ಅಂತ ಹಸಿ ಮೊಟ್ಟೆಯ ಬಿಳಿ ಹಾಕುವುದುಂಟು. ಮೊಟ್ಟೆ ತಿನ್ನದವರು ಕೇಳಿಕೊಳ್ಳಿ.

ಚೈನೀಸ್ ಊಟ, ಹಣ್ಣಿನ ರಸದ ರಮ್ ಕಾಕ್‌ಟೇಲ್ ಈ ಜೋಡಿ ಹೊಸದಲ್ಲ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟಿಕಿ ಬಾರ್‌ಗಳು ದ್ವೀಪದ ಅಲಂಕಾರ ಮಾಡಿಕೊಂಡು ಕ್ಯಾಂಟೊನೀಸ್ ಅಡುಗೆಯನ್ನೇ ಬಡಿಸುತ್ತಿದ್ದವು. ಮೈ ಟೈ ಅನ್ನುವ ರಮ್ ಕಾಕ್‌ಟೇಲನ್ನು 1944ರಲ್ಲಿ ತಾನು ಮಾಡಿದ್ದು ಅಂತ ಟ್ರೇಡರ್ ವಿಕ್ ಬಾರ್‌ನ ವಿಕ್ಟರ್ ಬರ್ಜರಾನ್ ಹೇಳಿಕೊಂಡಿದ್ದರು. ಈ ಗುಂಪಿನ ಡ್ರಿಂಕ್‌ಗಳಲ್ಲಿ ಒಂದು ಅಪಾಯ ಇದೆ. ಜ್ಯೂಸ್ ಹಾಗೆ ಇಳಿದುಹೋಗುತ್ತವೆ, ಒಳಗಿನ ಮದ್ಯ ಗೊತ್ತಾಗುವುದಿಲ್ಲ. ಜೋಂಬಿ, ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಇವೂ ಹಾಗೆಯೇ. ಲಾಂಗ್ ಐಲ್ಯಾಂಡ್‌ನಲ್ಲಿ ಐದು ಬಗೆಯ ಮದ್ಯ, ಪಾಕವಿಧಾನದ ಪ್ರಕಾರ ತಲಾ 15 ಮಿ.ಲೀ., ಒಟ್ಟು 75. ಹೆಸರಲ್ಲಿ ಟೀ ಇದ್ದರೂ ಟೀ ಇಲ್ಲ. ಒಂದು ಕುಡಿದು ನಿಲ್ಲಿಸಿ.

ಬೈಜೂ ಅಂತ ಒಂದು ಪುಟ ಇದ್ದರೆ ಅದು ಚೀನಾದ ಬಟ್ಟಿ ಇಳಿಸಿದ ಮದ್ಯ, ಹೆಚ್ಚಾಗಿ ಜೋಳದಿಂದ ಮಾಡಿದ್ದು. ಮದ್ಯದ ಪ್ರಮಾಣ 40ರಿಂದ 60 ಶೇಕಡಾ, ವಿಸ್ಕಿಗಿಂತ ಜೋರು ಇರುವುದೇ ಜಾಸ್ತಿ. ವಾಸನೆ ತೀಕ್ಷ್ಣ, ಮೊದಲ ಸಲ ಎಲ್ಲರಿಗೂ ಹಿಡಿಸುವುದಿಲ್ಲ. ನೇರ ಕುಡಿಯುವ ಮೊದಲು ಬೈಜೂ ಹಾಕಿದ ಕಾಕ್‌ಟೇಲ್ ಒಂದು ಹೇಳಿ ನೋಡಿ. ಯಾರಾದರೂ ಗಾನ್‌ಬೇ ಅಂದರೆ ಗ್ಲಾಸ್ ಪೂರ್ತಿ ಖಾಲಿ ಮಾಡು ಅಂತ. ಹಿರಿಯರ ಗ್ಲಾಸಿಗೆ ತಾಕಿಸುವಾಗ ನಿಮ್ಮ ಗ್ಲಾಸಿನ ಅಂಚು ಸ್ವಲ್ಪ ಕೆಳಗಿರಲಿ, ಅದು ಮರ್ಯಾದೆ. ಟೀ ಕಪ್ಪಲ್ಲೂ ಗಾನ್‌ಬೇ ಮಾಡಬಹುದು, ಬಲವಂತಕ್ಕೆ ಒಳಗಾಗಬೇಡಿ.

ಕುಡಿಯದವರನ್ನು ಬರೀ ಕೋಲಾ ಕೊಟ್ಟು ಕೂರಿಸುವುದು ನನಗೆ ತುಂಬ ಬೇಸರದ ವಿಷಯ. ಒಳ್ಳೆಯ ಬಾರ್‌ಟೆಂಡರ್‌ಗೆ ಟೀ, ಶುಂಠಿ, ಪ್ಲಮ್, ನಿಂಬೆ ಇಟ್ಟುಕೊಂಡು ಮದ್ಯ ಇಲ್ಲದೆಯೂ ಸೊಗಸಾದ ಡ್ರಿಂಕ್ ಮಾಡುವುದಕ್ಕೆ ಬರುತ್ತದೆ. ಕೇಳಿ. ಒಂದು ತೊಟ್ಟೂ ಬೇಡದವರು "ಬಿಟರ್ಸ್ ಕೂಡ ಬೇಡ" ಅನ್ನಿ, ಎಲ್ಲ ಕಡೆ ಬಳಸುವ ಆಂಗೊಸ್ಟುರಾ ಬಿಟರ್ಸ್‌ನಲ್ಲೇ 44.7 ಶೇಕಡಾ ಮದ್ಯ ಇದೆ.

ಕುಡಿಯುವವರು ಪ್ರತಿ ಡ್ರಿಂಕ್ ನಡುವೆ ಒಂದು ಲೋಟ ನೀರು ಕುಡಿಯಿರಿ. ಕಾಫಿ ಕುಡಿದರೆ ನಿದ್ದೆ ಹೋಗಬಹುದು, ಅಮಲು ಇಳಿಯುವುದಿಲ್ಲ.

7. ಟೇಬಲ್ಲಿನ ನಡವಳಿಕೆ, ಚಾಪ್‌ಸ್ಟಿಕ್

ಚಾಪ್‌ಸ್ಟಿಕ್ ಬಾರದಿದ್ದರೆ ಫೋರ್ಕ್ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಲಿಯುವುದಾದರೆ ಗುಟ್ಟು ಇಷ್ಟೇ: ಕೆಳಗಿನ ಕಡ್ಡಿ ಅಲ್ಲಾಡಬಾರದು. ಅದು ಹೆಬ್ಬೆರಳಿನ ಬುಡದಲ್ಲಿ ಕೂತು ಉಂಗುರ ಬೆರಳಿನ ಮೇಲೆ ಒರಗಿರಲಿ. ಮೇಲಿನದನ್ನು ಪೆನ್ನು ಹಿಡಿದ ಹಾಗೆ ಹಿಡಿದು ಅದನ್ನು ಮಾತ್ರ ಆಡಿಸಿ. ತುದಿಗೆ ಹತ್ತಿರ ಹಿಡಿಯಬೇಡಿ, ಮೇಲ್ಗಡೆ ಹಿಡಿಯಿರಿ.

ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿಡಬೇಡಿ, ತೀರಿಕೊಂಡವರಿಗೆ ಹಚ್ಚುವ ಊದುಬತ್ತಿಯ ಹಾಗೆ ಕಾಣುತ್ತದೆ. ಹಂಚುವ ಪ್ಲೇಟಿಗೆ ಬೇರೆ ಚಮಚ ಅಥವಾ ಬೇರೆ ಚಾಪ್‌ಸ್ಟಿಕ್ ಕೇಳಿ. ತಿರುಗುವ ಟೇಬಲ್ ಇದ್ದರೆ ಯಾರಾದರೂ ಬಡಿಸಿಕೊಳ್ಳುತ್ತಿರುವಾಗ ತಿರುಗಿಸಬೇಡಿ, ಕಾಕ್‌ಟೇಲ್ ಗ್ಲಾಸನ್ನು ಅದರ ಮೇಲೆ ಇಡಲೇಬೇಡಿ.

ಶಾಓಲಾಂಗ್‌ಬಾವ್ ಅನ್ನುವ ಶಾಂಘೈ ಡಂಪ್ಲಿಂಗ್ ಬಂದರೆ ಹುಷಾರು. ಒಳಗೆ ಕುದಿಯುವ ಸೂಪು ಇರುತ್ತದೆ. ಗಟ್ಟಿಯಾದ ಸಾರನ್ನು ಮಾಂಸದ ಜೊತೆ ತುಂಬಿರುತ್ತಾರೆ, ಹಬೆಯಲ್ಲಿ ಅದು ಕರಗಿ ನೀರಾಗುತ್ತದೆ. ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಟ್ಟಿತು ಅಂತಲೇ ಲೆಕ್ಕ. ಮೇಲಿನ ಗಂಟು ಹಿಡಿದು ಮೆಲ್ಲಗೆ ಎತ್ತಿ, ತಳ ಹರಿಯದ ಹಾಗೆ ಪಿಂಗಾಣಿ ಚಮಚದಲ್ಲಿ ಇಡಿ. ಪಕ್ಕದಲ್ಲಿ ಚಿಕ್ಕದಾಗಿ ಕಚ್ಚಿ ಹಬೆ ಹೋಗಲು ಬಿಡಿ. ಸೂಪು ಹೀರಿ. ಆಮೇಲೆ ಶುಂಠಿ ಎಳೆ, ಕಪ್ಪು ವಿನೆಗರ್ ಹಾಕಿಕೊಂಡು ಉಳಿದದ್ದು ತಿನ್ನಿ.

ಬಿಸಿ ಐಟಂ ಬಂದಾಗ ಫೋಟೋಗೆ ಕಾಯಿಸಬೇಡಿ. ವಾಕ್‌ನ ಹೊಗೆ ಹಿಡಿದ ರುಚಿ ಕೆಲವೇ ನಿಮಿಷ ಇರುತ್ತದೆ.

8. ಬಿಲ್ ಮತ್ತು ಉಳಿದ ಊಟ

ಬಾರ್‌ನಲ್ಲಿ ಮೊದಲು ಕುಡಿದು ಆಮೇಲೆ ಟೇಬಲ್ಲಿಗೆ ಬಂದಿದ್ದರೆ ಎರಡು ಬಿಲ್ ಆಗುತ್ತದೋ ಒಂದೋ ಮೊದಲೇ ಕೇಳಿ. ಸರ್ವಿಸ್ ಚಾರ್ಜ್ ಸೇರಿದೆಯಾ ನೋಡಿ, ಸೇರಿದ್ದರೆ ಟಿಪ್ಸ್ ನಿಮ್ಮಿಷ್ಟ. ಹಂಚಿಕೊಳ್ಳುವುದಾದರೆ ಊಟದ ಬಿಲ್ಲನ್ನು ಸಮನಾಗಿ ಹಂಚಿ, ಕಾಕ್‌ಟೇಲ್ ಮಾತ್ರ ಕುಡಿದವರ ಲೆಕ್ಕಕ್ಕೆ ಹಾಕಿ. ಟೀ ಕುಡಿದು ಕೂತವರ ತಲೆಗೆ ಮೂರು ಮೈ ಟೈ ಕಟ್ಟುವುದು ನ್ಯಾಯ ಅಲ್ಲ, ಅಲ್ವಾ?

ಉಳಿದದ್ದನ್ನು ಕಟ್ಟಿಸಿಕೊಳ್ಳಿ. ಸಾಸ್ ಇರುವುದು, ಸೋಯಾದಲ್ಲಿ ಬೆಂದದ್ದು ಮರುದಿನವೂ ಚೆನ್ನಾಗಿರುತ್ತದೆ, ಕರಿದದ್ದು ಮೆತ್ತಗಾಗುತ್ತದೆ. ಅನ್ನದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಬೆಂದ ಅನ್ನ ಹೊರಗೇ ಉಳಿದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಊಟ ಮುಗಿಸಿ ಇನ್ನೊಂದು ಡ್ರಿಂಕ್‌ಗೆ ಬಾರ್ ಕಡೆ ಹೋಗುವ ಯೋಚನೆ ಇದ್ದರೆ ಅನ್ನ, ಫ್ರೈಡ್ ರೈಸ್ ಕಟ್ಟಿಸಿಕೊಳ್ಳಲೇಬೇಡಿ.